ಬೋಲ್ಟಿನ ಮೇಲಿಟ್ಟ ಕುಂಕುಮ

ಲೋಕೇಶ ಅಂದು ನನ್ನ ತಮ್ಮನ ಕಾರಿಗೆ ಗುದ್ದಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ವಿಚಾರಣೆಯ ಕೋಣೆಯಲ್ಲಿ, ಎಲ್ಲರೆದುರು, ನಮ್ಮ ಕಾರಿನಲ್ಲಿ ಯಾವ ದೋಷವೂ ಇರಲಿಲ್ಲ ಎಂದು ಹೇಳಿದೆ. ಆ ಒಂದು ಮಾತಿನಿಂದ, ಲೋಕೇಶ ಗೆದ್ದಿದ್ದ ರಾಷ್ಟ್ರೀಯ ಚಾಂಪಿಯನ್ ಪಟ್ಟ ನನ್ನ ತಮ್ಮನ ಪಾಲಾಯಿತು. ಪಟ್ಟದ ಮಾತು ಹಾಗಿರಲಿ — ಅದೊಂದೇ ಆಗಿದ್ದರೆ ನಾನು ಇಷ್ಟು ವರ್ಷ ಹೀಗೆ... ಇಲ್ಲ, ಅಳುಮುಂಜಿಯಂತೆ ಶುರುಮಾಡಬಾರದು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಹೆಸರು ಗಿರಿಜಾ. ಪೀಣ್ಯದಲ್ಲಿ ನಮ್ಮದೊಂದು ಮೆಷಿನ್ ಶಾಪ್ ಇದೆ. ಅಪ್ಪಾಜಿ ದಾವಣಗೆರೆಯ ಕಡೆಯಿಂದ ಬಂದು ಹಾಕಿದ್ದು. ದೊಡ್ಡ ಕಾರ್ಖಾನೆಗಳಿಗೆ ಸಣ್ಣಪುಟ್ಟ ಬಿಡಿಭಾಗ ಮಾಡಿಕೊಡುವುದು ನಮ್ಮ ಕಸುಬು. ಹೊಟ್ಟೆಗೆ ಅದು, ಹುಚ್ಚಿಗೆ ರೇಸು. ಶೆಡ್ಡಿನ ಹಿಂಭಾಗದಲ್ಲಿ, ಲೇತ್‌ಗಳ ಆಚೆ, ಒಂದು ರೇಸ್ ಕಾರು ಇರುತ್ತಿತ್ತು — ಒಬ್ಬನೇ ಕೂರುವ, ತಲೆಯ ಮೇಲೆ ಚಾವಣಿ ಇಲ್ಲದ, ನಾಲ್ಕೂ ಚಕ್ರಗಳು ಮೈಯಿಂದ ಹೊರಗೆ ಚಾಚಿಕೊಂಡ ಕಾರು. ಭಾನುವಾರ ಟಿವಿಯಲ್ಲಿ ವಿದೇಶದ ಫಾರ್ಮುಲಾ ರೇಸು ಬರುತ್ತಿತ್ತಲ್ಲ, ಆ ಕಾರುಗಳ ಬಡ ನೆಂಟ ಅನ್ನಿ. ಅದನ್ನು ಓಡಿಸುತ್ತಿದ್ದವನು ನನ್ನ ತಮ್ಮ ಶಶಿ. ಬಿಚ್ಚಿ, ಜೋಡಿಸಿ, ಓಟಕ್ಕೆ ಅಣಿಮಾಡುತ್ತಿದ್ದವಳು ನಾನು. ಮೆಕ್ಯಾನಿಕಲ್ ಓದಿದ್ದೆ. ಓದಿ ಕಲಿತದ್ದಕ್ಕಿಂತ ಅಪ್ಪಾಜಿಯ ಬೈಗುಳ ತಿಂದು ಕಲಿತದ್ದು ಹೆಚ್ಚು.

ಟ್ರ್ಯಾಕಿನಲ್ಲಿ ಕೈಗೆ ಗ್ರೀಸ್ ಮೆತ್ತಿಕೊಂಡ ಹೆಂಗಸು ನಾನೊಬ್ಬಳೇ. ಮೊದಮೊದಲು ಬೇರೆ ತಂಡದವರು ನನ್ನನ್ನು ನೋಡಿ ಕಿಸಕ್ಕೆನ್ನುತ್ತಿದ್ದರು. ಒಗ್ಗರಣೆ ಹಾಕುವ ಕೈಗೆ ಸ್ಪ್ಯಾನರ್ ಯಾಕೆ ಎಂದು ಒಬ್ಬ ನನಗೆ ಕೇಳಿಸುವಂತೆಯೇ ಅಂದಿದ್ದ. ಶಶಿ ಗೆಲ್ಲತೊಡಗಿದ ಮೇಲೆ ಆ ನಗು ನಿಂತಿತು. ನಿಂತದ್ದು ನನಗೆ ಎಷ್ಟು ರುಚಿಸಿತ್ತೆಂದು ಈಗ ನೆನೆದರೆ ಹೆದರಿಕೆಯಾಗುತ್ತದೆ.

ಲೋಕೇಶ ಲಗ್ಗೆರೆಯವನು. ಲಗ್ಗೆರೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲಿದ್ದ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲು ಸಾಲು ಬಾಡಿಗೆ ಮನೆಗಳು. ಶಶಿಗೂ ಅವನಿಗೂ ಹೈಸ್ಕೂಲಿನಿಂದ ಗೆಳೆತನ. ಅಪ್ಪಾಜಿ ಮೊದಲು ತಂದ ಹಳೆಯ ಗೋ-ಕಾರ್ಟನ್ನು ಇಬ್ಬರೂ ಸರದಿಯ ಮೇಲೆ ಓಡಿಸುತ್ತಿದ್ದರು. ಮಾದನಾಯಕನಹಳ್ಳಿಯ ಕಡೆ ಒಂದು ಗೋದಾಮಿನ ಹಿಂದೆ ಸಿಮೆಂಟು ಹಾಕಿದ ದೊಡ್ಡ ಅಂಗಳವಿತ್ತು, ಅಲ್ಲಿ. ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಿದ್ದವಳು ನಾನು. ಶಶಿ ಅಳೆದು ಸುರಿದು ಓಡಿಸುವವನು. ಲೋಕಿ — ನಾವು ಕರೆಯುತ್ತಿದ್ದುದು ಹಾಗೆ — ಜಾಗ ಕಂಡರೆ ನುಗ್ಗುವವನು. ಜಾಗವೇ ಇಲ್ಲವೆಂದು ನನಗನ್ನಿಸಿದ ಕಡೆ ಅವನು ಆಗಲೇ ತೂರಿ ಆಚೆ ಹೋಗಿರುತ್ತಿದ್ದ. ಗುದ್ದದೆ. ಒತ್ತಿ ಹೇಳುತ್ತೇನೆ — ಗುದ್ದದೆ.

"ಅಕ್ಕಾ, ಟೈಮ್ ಏಳಿ ಅಕ್ಕಾ, ಶಶಿಗಿಂತ ಎಷ್ಟ್ ಕಮ್ಮಿ?" ಎಂದು ಹೆಲ್ಮೆಟ್ ತೆಗೆಯುವ ಮೊದಲೇ ಕೇಳುತ್ತಿದ್ದ. ನಾನು ಹೇಳಿದ್ದನ್ನು ಅವನು ಒಮ್ಮೆಯೂ ಅನುಮಾನಿಸಿದವನಲ್ಲ. ಶಶಿಯಾದರೂ ನನ್ನ ಕೈಯಿಂದ ವಾಚು ಕಸಿದುಕೊಂಡು ನೋಡುತ್ತಿದ್ದ. ಲೋಕಿ ಇಲ್ಲ. ಅಕ್ಕ ಹೇಳಿದರೆ ಆಯಿತು.

ಮುಂದೆ ಅವನ ಓಟ ನೋಡಿದ ಇನ್ನೊಂದು ತಂಡದವರು ಅವನನ್ನು ಕರೆದುಕೊಂಡರು. ಅಲ್ಲಿಗೆ ಒಂದೇ ಕಾರ್ಟಿನ ಗೆಳೆಯರು ಎದುರಾಳಿಗಳಾದರು. ನಾನು ಹೇಳುತ್ತಿರುವ ಆ ವರ್ಷವಂತೂ ಇಡೀ ಚಾಂಪಿಯನ್‌ಶಿಪ್ಪೇ ಇವರಿಬ್ಬರ ಜಗಳವಾಗಿಬಿಟ್ಟಿತು. ಒಂದು ಸಲ ಇವನು ಗೆದ್ದರೆ ಮುಂದಿನ ಸಲ ಅವನು. ಕೊಯಮತ್ತೂರಿನ ಓಟದಲ್ಲಿ ತಿರುವಿನಲ್ಲಿ ಇಬ್ಬರ ಚಕ್ರಗಳೂ ಉಜ್ಜಿಕೊಂಡವು. ತಪ್ಪು ಇಬ್ಬರದ್ದೂ. ಆದರೆ ಎಚ್ಚರಿಕೆ ಸಿಕ್ಕಿದ್ದು ಲೋಕಿಗೆ ಮಾತ್ರ. ಶಶಿ ಕಾರಿನಿಂದ ಇಳಿದವನೇ, "ನೀನ್ ಗುದ್ದೋಕೇ ಬಂದೆ ಕಣೋ!" ಎಂದು ಎಲ್ಲರೆದುರು ಕೂಗಿದ. ಅಂದಿನಿಂದ ಲೋಕಿಗೆ 'ಲಗ್ಗೆರೆ ಗೂಳಿ' ಎಂಬ ಹೆಸರು ಅಂಟಿತು. ಇಬ್ಬರ ಮಾತೂ ನಿಂತಿತು.

ನನ್ನೊಡನೆ ಮಾತ್ರ ನಿಲ್ಲಲಿಲ್ಲ. ಮಧ್ಯಾಹ್ನವಾಯಿತೆಂದರೆ ಟ್ರ್ಯಾಕಿನ ಬದಿಯ ನಮ್ಮ ಡೇರೆಯ ಹಿಂಬದಿಯಿಂದ ಇಣುಕುತ್ತಿದ್ದ. "ಅಕ್ಕಾ, ಜೋಳದ ರೊಟ್ಟಿ ಐತಾ?" ಶೇಂಗಾ ಚಟ್ನಿ ಸವರಿ ಎರಡು ಸುರುಳಿ ಕೊಡುತ್ತಿದ್ದೆ. ಶಶಿ ಮುಖ ತಿರುಗಿಸಿ ಕೂರುತ್ತಿದ್ದ. ಲೋಕಿ ನಿಂತುಕೊಂಡೇ ತಿಂದು, ಕೈ ಒರೆಸಿಕೊಂಡು, ತನ್ನ ತಂಡದತ್ತ ಓಡುತ್ತಿದ್ದ. ಆ ವರ್ಷವೆಲ್ಲ ಅವನು ನನ್ನ ಕೈಯ ರೊಟ್ಟಿ ತಿಂದ. ಬರೆಯುವಾಗ ಇಲ್ಲಿ ಬಂದು ಕೈ ನಿಲ್ಲುತ್ತದೆ.

ಕೊನೆಯ ಓಟ ಚೆನ್ನೈ ಹೊರಗಿನ ಟ್ರ್ಯಾಕಿನಲ್ಲಿ. ಅಂಕಗಳಲ್ಲಿ ಶಶಿ ಕೂದಲೆಳೆಯಷ್ಟು ಮುಂದೆ. ಲೆಕ್ಕ ಸರಳವಾಗಿತ್ತು: ಇಬ್ಬರಲ್ಲಿ ಯಾರು ಮುಂದೆ ಮುಗಿಸುತ್ತಾರೋ ಅವರೇ ಚಾಂಪಿಯನ್. ಇಬ್ಬರಿಗೂ ಅಂಕ ಸಿಗದಿದ್ದರೆ ಶಶಿ. ಚಾಂಪಿಯನ್ ಆದವನಿಗೆ ವಿದೇಶದ ತಂಡವೊಂದರ ಕಾರನ್ನು ಓಡಿಸಿ ತೋರಿಸುವ ಅವಕಾಶವೂ ಇತ್ತು.

ಆ ಸಲ ನಾವು ಹೊರಡುವ ಹಿಂದಿನ ದಿನವೇ ಆಯುಧಪೂಜೆ ಬಿತ್ತು. ಪೀಣ್ಯದಲ್ಲಿ ಅಂದು ಎಲ್ಲ ಸದ್ದೂ ಅಡಗುತ್ತದೆ. ವರ್ಷವಿಡೀ ಬಡಿಯುವ ಪ್ರೆಸ್ಸುಗಳು ನಿಲ್ಲುತ್ತವೆ. ಪ್ರತಿ ಶೆಡ್ಡಿನ ಬಾಗಿಲಿಗೆ ಬಾಳೆಕಂದು, ಚೆಂಡುಹೂವು. ಕೆಲಸದವರೆಲ್ಲ ಹೊಸ ಅಂಗಿ ತೊಟ್ಟು ಕಡ್ಲೆಪುರಿ ಪೊಟ್ಟಣ ಹಿಡಿದು ಓಡಾಡುತ್ತಾರೆ. ನಮ್ಮ ಶೆಡ್ಡಿನಲ್ಲಿ ಅಪ್ಪಾಜಿಯ ನಿಯಮ ಒಂದೇ. ಪೂಜೆಗೆ ಇಟ್ಟ ಆಯುಧವನ್ನು ಮರುದಿನ ಬೆಳಿಗ್ಗೆ ಕದಲಿಸುವವರೆಗೆ ಯಾರೂ ಮುಟ್ಟುವಂತಿಲ್ಲ.

ನನ್ನದೂ ಒಂದು ನಿಯಮವಿತ್ತು. ರೇಸ್ ಕಾರಿನ ಮುಖ್ಯ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ — ಅಂದರೆ ಎಷ್ಟು ಬಿಗಿಯಾಯಿತೆಂದು ಅಳೆದು ತೋರಿಸುವ ಸ್ಪ್ಯಾನರಿನಿಂದ — ಬಿಗಿಮಾಡಿ, ತಲೆಯ ಮೇಲೆ ಕೆಂಪು ಪೇಂಟಿನ ಒಂದು ಚುಕ್ಕೆ ಇಡುತ್ತಿದ್ದೆ. ಚುಕ್ಕೆ ಇದ್ದರೆ ಬಿಗಿಯಾಗಿದೆ, ಇಲ್ಲದಿದ್ದರೆ ಇಲ್ಲ. ಓಟಕ್ಕೆ ಮೊದಲು ಕಾರಿನ ಸುತ್ತ ಕುಕ್ಕರುಗಾಲಿನಲ್ಲಿ ಒಂದು ಪ್ರದಕ್ಷಿಣೆ ಹಾಕಿ ಚುಕ್ಕೆಗಳನ್ನು ನೋಡಿದರೆ ಮುಗಿಯಿತು. ಈ ಪದ್ಧತಿಯ ಬಗ್ಗೆ ನನಗೆ ಬಲು ಜಂಬವಿತ್ತು.

ಪೂಜೆಯ ದಿನ ಬೆಳಿಗ್ಗೆ, ಮುಂದಿನ ಬಲ ಚಕ್ರವನ್ನು ಹಿಡಿದಿಡುವ ಉಕ್ಕಿನ ತೋಳು ಕೊಂಚ ಬಾಗಿರುವುದು ಕಣ್ಣಿಗೆ ಬಿತ್ತು. ಹೊಸದನ್ನು ಹಾಕಿದೆ. ಬೋಲ್ಟು ತೂರಿಸಿ, ನಟ್ಟನ್ನು ಸಾದಾ ಸ್ಪ್ಯಾನರಿನಲ್ಲಿ ಒಂದಷ್ಟು ತಿರುಗಿಸಿ, ಟಾರ್ಕ್ ರೆಂಚ್ ತರಲು ಎದ್ದು ಬಂದರೆ ಅದು ಆಗಲೇ ದೇವರ ಮುಂದೆ ಕುಳಿತಿತ್ತು. ವಿಭೂತಿ ಬಳಿಸಿಕೊಂಡು, ಹೂವು ಮುಡಿದುಕೊಂಡು.

"ಅಪ್ಪಾಜಿ, ಒಂದೇ ಒಂದ್ ಬೋಲ್ಟು. ಬಿಗಿ ಮಾಡಿ ಹಂಗೇ ತಂದ್ ಇಟ್‌ಬಿಡ್ತೀನಿ."

"ಪೂಜಿಗೆ ಇಟ್ಟಿದ್ದನ್ನ ಎತ್ತಂಗಿಲ್ಲವ್ವಾ. ನಾಳಿ ಕದಲಿಸಿದ ಮ್ಯಾಲೆ ಮಾಡು. ಒಂದಿನದಾಗ ಕಾರು ಎಲ್ಲಿಗೆ ಓಡಿ ಹೊಕ್ಕೈತಿ?"

ಅಪ್ಪಾಜಿಯ ಮೇಲೆ ಹಾಕುತ್ತಿದ್ದೇನೆಂದು ತಿಳಿಯಬೇಡಿ. ನಾಳೆ ಮಾಡು ಎಂದರು. ಮಾಡಬೇಡ ಎನ್ನಲಿಲ್ಲ.

ಯಂತ್ರಗಳಿಗೆ ವಿಭೂತಿ ಬಳಿಯುವುದು ಅಪ್ಪಾಜಿ. ಕುಂಕುಮ ಇಡುವುದು, ಅವ್ವ ತೀರಿಕೊಂಡ ಮೇಲಿಂದ, ನಾನು. ಲೇತ್‌ಗಳಿಗೆ ಇಟ್ಟೆ, ಡ್ರಿಲ್ಲಿಂಗ್ ಮೆಷಿನ್ನಿಗೆ ಇಟ್ಟೆ. ಕಾರಿನ ಮೂತಿಗೆ, ಸ್ಟೀರಿಂಗಿಗೆ, ಚಕ್ರಗಳಿಗೆ ಇಟ್ಟೆ. ಹೊಸದಾಗಿ ಸೇರಿದ ಯಾವುದನ್ನೂ ಬಿಡಬಾರದೆಂಬುದು ಅವ್ವನ ಪದ್ಧತಿ. ಅವಳಿದ್ದಾಗ ಹೊಸ ಪೊರಕೆಗೂ ಕುಂಕುಮ ಬೀಳುತ್ತಿತ್ತು. ಆ ಉಕ್ಕಿನ ತೋಳು ಹೊಸದಲ್ಲವೇ? ಬಗ್ಗಿ, ಉಂಗುರ ಬೆರಳಿನಿಂದ, ಅದರ ಬೋಲ್ಟಿನ ತಲೆಯ ಮೇಲೂ ಒಂದು ಬೊಟ್ಟು ಇಟ್ಟೆ. ಅಲ್ಲಿ ಗ್ರೀಸ್ ಮೆತ್ತಿತ್ತು. ಕುಂಕುಮ ಅದರಲ್ಲಿ ಕಲೆತು ಕಚ್ಚಿಕೊಂಡಿತು. ಭಕ್ತಿಯಿಂದಲೇ ಇಟ್ಟೆ. ಶಶಿಗೆ ಏನೂ ಆಗದಿರಲಿ ಎಂದು ಮನಸ್ಸಿನಲ್ಲಿ ಅಂದುಕೊಂಡೇ ಇಟ್ಟೆ.

ಮರುದಿನ ಕದಲಿಸುವ ಗಡಿಬಿಡಿ, ಲಾರಿ ಬಂದ ಗಡಿಬಿಡಿ, ಟೈರು ಕಟ್ಟುವ, ಜೋಳದ ರೊಟ್ಟಿ ಕಟ್ಟುವ ಗಡಿಬಿಡಿ. ಲಾರಿಯ ಮುಂದೆ ಬೂದುಗುಂಬಳ ಒಡೆದು, ಕಾರನ್ನು ಹೂವಿನ ಹಾರದ ಸಮೇತ ಏರಿಸಿದೆವು. ಆ ಬೋಲ್ಟು ನನ್ನ ತಲೆಯಿಂದ ಜಾರಿಹೋಗಿತ್ತು. ಚೆನ್ನೈಯಲ್ಲಿ ಎಂದಿನಂತೆ ಕಾರಿನ ಸುತ್ತ ಪ್ರದಕ್ಷಿಣೆ ಹಾಕಿದೆ. ಎಲ್ಲ ತಲೆಗಳೂ ಕೆಂಪು. ಕಣ್ಣಿನಲ್ಲಿ ನೋಡಿದೆ, ಬೆರಳಿನಲ್ಲಿ ಮುಟ್ಟಲಿಲ್ಲ. ಮುಟ್ಟಿದ್ದರೆ ಬೆರಳಿಗೆ ಹತ್ತುತ್ತಿತ್ತು — ಮುಟ್ಟಿದ್ದರೆ...

ಅಭ್ಯಾಸದ ಓಟಗಳಲ್ಲಿ ಆ ನಟ್ಟು ಹೇಗೋ ತಡೆದುಕೊಂಡಿತು. ಸುತ್ತು ಸುತ್ತಿಗೂ ಚೂರು ಚೂರೇ ಬಿಚ್ಚಿಕೊಳ್ಳುತ್ತಿದ್ದಿರಬೇಕು. ನಾನು ಸಂಜೆ ಮತ್ತೆ ಚುಕ್ಕೆ ನೋಡಿ ಸಮಾಧಾನಪಟ್ಟೆ.

ಓಟದ ದಿನ ಶುರುವಿನಿಂದಲೂ ಶಶಿ ಮುಂದೆ, ಲೋಕಿ ಅವನ ಬೆನ್ನಿಗೆ. ಉಳಿದವರೆಲ್ಲ ಎಲ್ಲೋ ಹಿಂದೆ. ನಾನು ತಂಡದವರು ನಿಲ್ಲುವ ಪಿಟ್ ಗೋಡೆಗೆ ಎದೆಯಾನಿಸಿ ನಿಂತಿದ್ದೆ. ಅಲ್ಲಿಂದ ಬಲಕ್ಕೆ ಬಳುಕುವ ವೇಗದ ತಿರುವೊಂದು ಚೆನ್ನಾಗಿ ಕಾಣುತ್ತಿತ್ತು. ಮುಗಿಯಲು ಇನ್ನು ಕೆಲವೇ ಸುತ್ತುಗಳಿದ್ದಾಗ, ಆ ತಿರುವಿಗೆ ಬರುವಾಗ, ಲೋಕಿ ಬಲಗಡೆಯಿಂದ ಒಳಕ್ಕೆ ನುಗ್ಗಿದ. ಎರಡು ಕಾರುಗಳೂ ಜೋಡೆತ್ತಿನಂತೆ ಸಮಸಮ ಬಂದವು. ನಡುವೆ ಜಾಗವಿತ್ತು. ನಾನು ಕಂಡೆ — ಬೆಳಕು ಕಾಣುವಷ್ಟು ಜಾಗವಿತ್ತು. ಆಗ ಶಶಿಯ ಕಾರಿನ ಮೂತಿ, ಯಾರೋ ಹಗ್ಗ ಕಟ್ಟಿ ಎಳೆದಂತೆ, ತಟಕ್ಕನೆ ಬಲಕ್ಕೆ ತಿರುಗಿತು. ಲೋಕಿಯ ಚಕ್ರಕ್ಕೆ ತಗುಲಿ ಮೇಲೆದ್ದಿತು. ಟ್ರ್ಯಾಕಿನಂಚಿನ ಮರಳು ದಾಟಿ ಟೈರಿನ ಗೋಡೆಗೆ ಅಪ್ಪಳಿಸಿತು. ಲೋಕಿಯ ಕಾರು ಓಲಾಡಿ, ಸಾವರಿಸಿಕೊಂಡು, ಮುಂದೆ ಹೋಯಿತು.

ಓಟ ಗೆದ್ದವನು ಅವನೇ. ಇಳಿದು ಬಂದಾಗ ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. "ಶಶಿ ಎಂಗವ್ನೆ? ಶಶಿ ಎಂಗವ್ನೆ?" ಎಂದು ಕಂಡಕಂಡವರನ್ನು ಕೇಳುತ್ತಿದ್ದ. ಶಶಿಯ ಪಾದದ ಕೀಲು ಪುಡಿಯಾಗಿತ್ತು. ಜೀವಕ್ಕೆ ಅಪಾಯವಿಲ್ಲವೆಂದರು. ಅಪ್ಪಾಜಿ ಅವನೊಂದಿಗೆ ಆಂಬ್ಯುಲೆನ್ಸ್ ಹತ್ತಿದರು. ಕಾರಿನ ಬಳಿ ನಾನು ಉಳಿದೆ.

ಕಾರನ್ನು ತಂದಿಳಿಸಿದರು. ಮುಂದಿನ ಬಲ ಚಕ್ರ ಬ್ರೇಕಿನ ಪೈಪಿನಿಂದ ಜೋತಾಡುತ್ತಿತ್ತು. ಬಗ್ಗಿ ನೋಡಿದೆ. ಬೋಲ್ಟು ಇರಲಿಲ್ಲ. ಗುದ್ದಿದ ರಭಸಕ್ಕೆ ಮುರಿದಿದ್ದರೆ ಅರ್ಧ ತುಂಡಾದರೂ ಒಳಗೆ ಸಿಕ್ಕಿಕೊಂಡಿರಬೇಕು, ತೂತು ಹರಿದಿರಬೇಕು. ತೂತು ದುಂಡಗೆ, ನಾನು ಕೊರೆದ ಹಾಗೆಯೇ ಇತ್ತು. ಅದರ ಅಂಚಿನಲ್ಲಿ ಕೆಂಪು. ಬೆರಳು ಸೋಕಿಸಿದೆ. ಹತ್ತಿತು.

ಪೇಂಟು ಹತ್ತುವುದಿಲ್ಲ.

ಪೂಜೆ, ಅಪ್ಪಾಜಿಯ ಮಾತು, ಬಗ್ಗಿ ಇಟ್ಟ ಬೊಟ್ಟು — ಎಲ್ಲವೂ ಒಮ್ಮೆಲೇ ಬಂದು ನಿಂತವು. ಆಮೇಲೆ ನಾನು ಮಾಡಿದ್ದನ್ನು ಮೈಮೇಲೆ ಪ್ರಜ್ಞೆ ಇಲ್ಲದೆ ಮಾಡಿದೆನೆಂದು ಹೇಳಲಾರೆ. ಜೇಬಿನಿಂದ ಕಾಟನ್ ವೇಸ್ಟ್ ತೆಗೆದು ಆ ಕೆಂಪನ್ನು ಒರೆಸಿದೆ. ಒರೆಸುವಾಗ ಯಾರಾದರೂ ನೋಡುತ್ತಿದ್ದಾರೆಯೇ ಎಂದು ತಿರುಗಿ ನೋಡಿದೆ ಕೂಡ.

ವಿಚಾರಣೆಯ ಕೋಣೆಯಲ್ಲಿ ಓಟದ ತಪ್ಪು-ಒಪ್ಪು ತೀರ್ಮಾನಿಸುವ ಹಿರಿಯರು ಮೇಜಿನ ಹಿಂದೆ ಕುಳಿತಿದ್ದರು. ಯಾರೋ ಕ್ಯಾಮೆರಾದಲ್ಲಿ ಹಿಡಿದದ್ದನ್ನು ಚಿಕ್ಕ ಟಿವಿಯಲ್ಲಿ ತಿರುತಿರುಗಿ ಹಾಕಿದರು. ಅದರಲ್ಲಿ ಗೂಳಿಯೊಂದು ಒಳಗೆ ನುಗ್ಗುವುದು, ಎರಡು ಕಾರು ತಗುಲುವುದು, ಒಂದು ಹಾರುವುದು, ಇಷ್ಟೇ ಕಾಣುತ್ತಿತ್ತು. ಲೋಕಿ ಬೆವರಿನ ಬಟ್ಟೆಯಲ್ಲೇ ನಿಂತು ವಾದಿಸುತ್ತಿದ್ದ. "ನಾನ್ ಗುದ್ದಿಲ್ಲ ಸಾರ್. ಜಾಗ ಬಿಟ್ಟಿದ್ದೆ ಸಾರ್. ಅವನ್ ಗಾಡಿನೇ ನನ್ ಕಡೆ ಬಂತು ಸಾರ್."

ನಜ್ಜುಗುಜ್ಜಾದ ಕಾರನ್ನು ಯಾರೂ ಬಗ್ಗಿ ನೋಡಲಿಲ್ಲ, ನನ್ನನ್ನು ಕೇಳಿದರು. ಮೊದಲು ಇಂಗ್ಲಿಷಿನಲ್ಲಿ. ಕಾರಿನಲ್ಲಿ ಏನಾದರೂ ದೋಷವಿತ್ತೇ ಎಂದು. ಇಲ್ಲ ಎಂದು ಇಂಗ್ಲಿಷಿನಲ್ಲೇ ಹೇಳಿದೆ. ಪರಭಾಷೆಯಲ್ಲಿ ಸುಳ್ಳು ಅಷ್ಟು ಭಾರವಾಗುವುದಿಲ್ಲ, ಗಂಟಲಿನಿಂದ ಆಚೆಯೇ ಹುಟ್ಟಿ ಹೋಗಿಬಿಡುತ್ತದೆ. ಅವರಲ್ಲೊಬ್ಬರು ಬೆಂಗಳೂರಿನವರು. ಲೋಕಿಗೂ ತಿಳಿಯಲೆಂದೋ ಏನೋ, ಕನ್ನಡದಲ್ಲಿ ಮತ್ತೆ ಕೇಳಿದರು.

"ನೋಡಿಮ್ಮಾ, ಸರಿಯಾಗಿ ಯೋಚನೆ ಮಾಡಿ ಹೇಳಿ. ಗಾಡೀಲಿ ಏನಾದ್ರೂ ಸಡಿಲ ಇತ್ತಾ?"

ಅದು ನನಗೆ ಸಿಕ್ಕ ಎರಡನೆಯ ಅವಕಾಶ. ಲೋಕಿ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಒಂದು ಭರವಸೆ ಇತ್ತು — ಅಕ್ಕ ಬಂದಳು, ಇನ್ನು ಸರಿಯಾಗುತ್ತದೆ ಎಂಬಂಥದ್ದು.

"ಇಲ್ಲ ಸಾರ್. ನಾನೇ ಚೆಕ್ ಮಾಡಿದ್ದೆ. ಎಲ್ಲಾ ಟೈಟಾಗಿತ್ತು."

ಅವನು ಕೂಗಾಡುತ್ತಾನೆ, ನನ್ನನ್ನು ಸುಳ್ಳಿ ಎನ್ನುತ್ತಾನೆ ಎಂದುಕೊಂಡಿದ್ದೆ. ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಮೆಲ್ಲಗೆ ಹೇಳಿದ — "ಗಿರಿಜಕ್ಕ ಸುಳ್ಳೇಳಲ್ಲ ಸಾರ್. ಅಂಗಾರೆ... ನಾನೇ ಗುದ್ದಿರ್ಬೇಕು. ನಂಗೆ ಗೊತ್ತಾಗಿಲ್ಲ."

ಪಟ್ಟಕ್ಕಿಂತ ದೊಡ್ಡದೆಂದು ಶುರುವಿನಲ್ಲೇ ನಾನು ಹೇಳಹೊರಟದ್ದು ಇದೇ. ಅವರು ಅವನ ಗೆಲುವನ್ನು ರದ್ದುಮಾಡಿದರು, ಪಟ್ಟ ಶಶಿಗೆ ಬಂತು. ಅವೆಲ್ಲ ಅದರ ಮುಂದೆ ಏನೂ ಅಲ್ಲ. ತನ್ನ ಕಣ್ಣು ಕಂಡದ್ದನ್ನು, ತನ್ನ ಕೈ ಅರಿತದ್ದನ್ನು ಬಿಟ್ಟು ಅವನು ನನ್ನ ಮಾತನ್ನು ನಂಬಿದ. ನಾನು ಆ ನಂಬಿಕೆಯನ್ನು ಹಿಡಿದು ಅವನನ್ನೇ ಹೊಡೆದೆ.

ಯಾಕೆ ಹಾಗೆ ಹೇಳಿದೆ? ಹೆಂಗಸು ಬಿಗಿಮಾಡಿದ ಬೋಲ್ಟು ಕಳಚಿತೆಂದು ಆ ಜನ ಮತ್ತೆ ನಗುತ್ತಾರೆಂಬ ಹೆದರಿಕೆ ಇತ್ತು. ತಮ್ಮನ ಕಾಲು ನಾನೇ ಮುರಿದೆನೆಂದು ಅಪ್ಪಾಜಿಯ ಮುಖ ನೋಡಿ ಹೇಳುವ ಎದೆ ಇರಲಿಲ್ಲ. ಪಟ್ಟ ಬೇಕಿತ್ತು. ಹೌದು, ಅದೂ ಬೇಕಿತ್ತು. ಇವು ಕಾರಣಗಳು. ಕಾರಣ ಯಾರ ಬಳಿ ಇರುವುದಿಲ್ಲ?

ಆಸ್ಪತ್ರೆಯಲ್ಲಿ ಶಶಿಗೆ ಎಚ್ಚರವಾದಾಗ ಮೊದಲು ಹೇಳಿದ್ದು ಇದು: "ಅಕ್ಕಾ, ಅವನಿಗೆ ತಗಲೋಕ್ ಮುಂಚೆನೇ ಸ್ಟೀರಿಂಗ್ ಹಗುರ ಆಗ್ಹೋಯ್ತು." ನಾನು ಅವನ ಹಣೆ ಸವರಿದೆ. "ತಲೆಗೆ ಪೆಟ್ಟಾಗಿದೆ ಕಣೋ. ಹಂಗೆಲ್ಲ ಅನ್ಸುತ್ತೆ. ಮಲ್ಕೋ." ಅವನು ಮತ್ತೆ ಆ ಮಾತೆತ್ತಲಿಲ್ಲ. ಮಾರನೆಯ ದಿನ ಲೋಕಿ ಬಂದ. ಪಟ್ಟಿ ಸುತ್ತಿದ ಕಾಲಿನ ಪಕ್ಕ ನೆಲದ ಮೇಲೆ ಕುಳಿತು ಚಿಕ್ಕ ಮಗುವಿನಂತೆ ಬಿಕ್ಕಿಬಿಕ್ಕಿ ಅತ್ತ. "ತಪ್ಪಾಯ್ತು ಮಗಾ. ಸಾಯಿಸ್ಬಿಡ್ತಿದ್ದೆ ನಿನ್ನ." ಶಶಿ ಅವನ ತಲೆಯ ಮೇಲೆ ಕೈಯಿಟ್ಟ. ನಾನು ಕಿಟಕಿಯ ಬಳಿ ನಿಂತು ಕಿತ್ತಳೆ ಸುಲಿಯುತ್ತಿದ್ದೆ. ಸುಲಿದು ಮುಗಿಸಿ ಇಬ್ಬರಿಗೂ ಕೊಟ್ಟೆ.

ಕಾಲು ಕೂಡಿಕೊಂಡರೂ ಶಶಿ ಮತ್ತೆ ಮೊದಲಿನಂತೆ ಓಡಿಸಲಿಲ್ಲ. ವಿದೇಶದ ಅವಕಾಶ ಬಂದ ಹಾಗೆಯೇ ಹೋಯಿತು. ಈಗ ವೈಟ್‌ಫೀಲ್ಡಿನಲ್ಲಿ ಕಾರಿನ ಭಾಗಗಳ ವಿನ್ಯಾಸ ಮಾಡುವ ಕಂಪನಿಯಲ್ಲಿದ್ದಾನೆ. ಲೋಕಿ ಅಂದು ಹೆಲ್ಮೆಟ್ ಇಟ್ಟವನು ಮತ್ತೆ ಮುಟ್ಟಲಿಲ್ಲ. ಅವನ ತಂಡದವರು ಮುಂದಿನ ವರ್ಷಕ್ಕೆ ಕರೆದರು, ಮನೆಯವರೆಗೂ ಹೋಗಿ ಕರೆದರಂತೆ. ಅವನು ಒಲ್ಲೆ ಎಂದ. ಶೆಡ್ಡಿನ ಕಡೆಗೂ ಬರುವುದು ಬಿಟ್ಟ. ಬಾರದಿದ್ದದ್ದು ನನಗೆ ನಿರಾಳವಾಗಿತ್ತು. ಇದನ್ನೂ ಹೇಳಿಬಿಡಬೇಕು. ಅಪ್ಪಾಜಿ ಮಗ ಚಾಂಪಿಯನ್ ಎಂಬ ಹೆಮ್ಮೆಯಲ್ಲೇ ಕಣ್ಣು ಮುಚ್ಚಿದರು. ಆಯುಧಪೂಜೆಯಲ್ಲಿ ಕುಂಕುಮ ಇಡುವ ಕೆಲಸವನ್ನು ಮಾತ್ರ ನಾನು ಬೇರೆಯವರಿಗೆ ಬಿಟ್ಟೆ. ಯಾರ ಹಣೆಯ ಮೇಲೆ ಕುಂಕುಮ ಕಂಡರೂ ಬೆರಳ ತುದಿ ಒದ್ದೆಯಾದಂತಾಗುತ್ತದೆ. ಸೀರೆಗೆ ಒರೆಸಿಕೊಳ್ಳುತ್ತೇನೆ. ನನ್ನ ಹಣೆಗೆ ಸ್ಟಿಕ್ಕರ್.

ಹೀಗೆಯೇ ಮುಚ್ಚಿಹೋಗುತ್ತಿತ್ತೋ ಏನೋ. ಕೆಲವು ವರ್ಷಗಳ ಹಿಂದೆ ಬೊಮ್ಮಸಂದ್ರದ ಒಂದು ಔಷಧಿ ಕಾರ್ಖಾನೆಗೆ ಯಂತ್ರದ ಭಾಗ ತಲುಪಿಸಲು ಹೋಗಿದ್ದೆ. ನಮ್ಮ ವ್ಯಾನು ಅಲ್ಲೇ ಕೆಟ್ಟು ಕೂತಿತು. "ಪೀಣ್ಯಕ್ಕಾ ಮೇಡಂ? ಶಿಫ್ಟ್ ಬಸ್ ಹೊರಡುತ್ತೆ, ಹತ್ಕೊಳ್ಳಿ" ಎಂದು ಗೇಟಿನವನು ತೋರಿಸಿದ. ಹತ್ತಿದೆ. ಡ್ರೈವರಿನ ಸೀಟಿನಲ್ಲಿ ಲೋಕಿ.

ದಪ್ಪಗಾಗಿದ್ದ, ಕಿವಿಯ ಮೇಲೆ ನರೆ. "ಅಕ್ಕಾ!" ಎಂದು ಮುಖ ಅರಳಿಸಿದ. ತನ್ನ ಪಕ್ಕದ ಸೀಟಿನಲ್ಲಿದ್ದ ಟಿಫಿನ್ ಡಬ್ಬಿ ಎತ್ತಿ ಜಾಗ ಮಾಡಿಕೊಟ್ಟ. ಶಶಿಯ ಕಾಲು ಈಗ ಹೇಗಿದೆ — ಮೊದಲು ಕೇಳಿದ್ದು ಅದನ್ನೇ. ಬಸ್ಸು ಹೊರಟಿತು. ಸ್ವಲ್ಪ ದೂರದಲ್ಲೇ ನಮ್ಮ ಮುಂದೆ ಒಂದು ನೀರಿನ ಟ್ಯಾಂಕರ್, ನೀರು ಚೆಲ್ಲಿಕೊಂಡು ತೆವಳುತ್ತಿತ್ತು. ಪಕ್ಕದಲ್ಲಿ ಇಡೀ ರಸ್ತೆ ಖಾಲಿ. ಲೋಕಿ ಅದರ ಬಾಲ ಹಿಡಿದೇ ಹೋದ. ಹಿಂದಿನಿಂದ ಹುಡುಗರು ಕೂಗಿದರು — "ಲೋಕಣ್ಣಾ, ಹೊಡಿ ಅಣ್ಣಾ! ನಡ್ಕೊಂಡ್ ಹೋದ್ರೂ ಬೇಗ ಹೋಗ್ತೀವಿ!" ಎಲ್ಲರೂ ನಕ್ಕರು. ದಿನಾ ಇರುವ ತಮಾಷೆ ಎಂದು ತಿಳಿಯಿತು. ಅವನೂ ನಕ್ಕ. ಆದರೆ ಸ್ಟೀರಿಂಗ್ ಮೇಲಿನ ಅವನ ಕೈಗಳು ಒಂದಿಂಚೂ ಪಕ್ಕಕ್ಕೆ ತಿರುಗಲಿಲ್ಲ.

"ಯಾಕ್ ಲೋಕಿ, ಜಾಗ ಇದ್ಯಲ್ಲ?" ಎಂದೆ. ಬಾಯಿ ತಪ್ಪಿ ಬಂತು.

"ಐತೆ ಅಕ್ಕಾ. ಪಕ್ಕಕ್ ತಗಂಡ್ರೆ ಸಾಕು, ಶಶಿ ಗಾಡಿ ಮೇಲೆದ್ದು ಓಗೋದ್ ಕಾಣ್ತದೆ. ಕೈ ಬರಕಿಲ್ಲ." ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ. "ಅದ್ಕೇ ನಿಧಾನ ಓಯ್ತೀನಿ. ಸಾಕು ಒಬ್ಬನ್ನ ಕೆಡವಿದ್ದು."

ಜಾಗವೇ ಇಲ್ಲದ ಕಡೆ ತೂರುತ್ತಿದ್ದವನು. ಇಡೀ ರಸ್ತೆ ಖಾಲಿ ಇದ್ದರೂ ಒಂದು ಟ್ಯಾಂಕರನ್ನು ದಾಟಲಾರದವನು. ನಾನು ಅವನ ಪಕ್ಕದಲ್ಲೇ, ಮೊಣಕೈ ತಾಗುವಷ್ಟು ಹತ್ತಿರ ಕುಳಿತಿದ್ದೆ. ಆಗಲಾದರೂ ಹೇಳಬಹುದಿತ್ತು. ದಾರಿ ಉದ್ದವಿತ್ತು, ಅವನ ನಿಧಾನಕ್ಕೆ ಇನ್ನೂ ಉದ್ದವಾಗಿತ್ತು. ನಾನು ಹೇಳಿದ್ದೇನು ಗೊತ್ತೇ? "ಅದೆಲ್ಲ ಹಳೇದು, ಬಿಟ್ಹಾಕು ಲೋಕಿ." ಕೆಡವಿದವನನ್ನು ಕ್ಷಮಿಸಿದವಳ ಧ್ವನಿಯಲ್ಲಿ ಹೇಳಿದೆ. ಮೊದಲ ಸುಳ್ಳಿಗೆ ಹೆದರಿಕೆಯಾದರೂ ಇತ್ತು. ಇದಕ್ಕೆ ಏನಿತ್ತು?

ಅಂದಿನಿಂದ ನನ್ನ ಮುಂದೆ ಯಾವಾಗಲೂ ಒಂದು ಬಸ್ಸು ಹೋಗುತ್ತಿರುತ್ತದೆ. ಕಣ್ಣು ಮುಚ್ಚಿದರೂ ಹೋಗುತ್ತಿರುತ್ತದೆ, ನಿಧಾನವಾಗಿ. ಶೆಡ್ಡಿನಲ್ಲಿ ಲೇತ್ ಮುಂದೆ ನಿಂತಾಗ, ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳ ಕೆಳಗೆ ಸಿಗ್ನಲ್ಲಿಗೆ ಕಾಯುವಾಗ — ಹುಡುಗರು ನಗುವುದು ಕೇಳಿಸುತ್ತದೆ. ಸ್ಟೀರಿಂಗ್ ಮೇಲಿನ ಆ ಕೈಗಳು ಕಾಣುತ್ತವೆ.

ಕೊನೆಗೂ ಬಾಯಿಬಿಟ್ಟೆ, ಮೊದಲು ಶಶಿಯ ಮುಂದೆ. ಅವನ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅವನು ತನ್ನ ಪಾದವನ್ನು ನೋಡಿಕೊಂಡ. "ನಾನ್ ಆವತ್ತೇ ಹೇಳಿದ್ನಲ್ಲ ಅಕ್ಕಾ," ಎಂದ. ಆಮೇಲೆ, "ಅವನ ಹತ್ರ ಹೋಗು. ಇವತ್ತೇ ಹೋಗು," ಎಂದ. ಬಾಗಿಲವರೆಗೆ ಬರಲಿಲ್ಲ.

ಲಗ್ಗೆರೆಯ ಅವನ ಮನೆಗೆ ಹೋದಾಗ ಲೋಕಿ ಆಗತಾನೆ ಊಟ ಮುಗಿಸಿದ್ದ. ಅವನ ಹೆಂಡತಿ ಕೂರಿ ಎಂದಳು. ನಾನು ಕೂರಲಿಲ್ಲ. ಕೂತರೆ ಕಾಫಿ ಬರುತ್ತದೆ, ಕುಶಲ ಬರುತ್ತದೆ, ಮಾತು ಮತ್ತೆ ನುಂಗಿಹೋಗುತ್ತದೆ. ನಿಂತೇ ಹೇಳಿದೆ. ಬೋಲ್ಟು, ಕುಂಕುಮ, ದುಂಡಗಿನ ತೂತು, ಒರೆಸಿದ್ದು, ಸುಳ್ಳು. ಒಂದೂ ಬಿಡಲಿಲ್ಲ. ಅವನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಯಾವ್ ಕಡೆ ಬೋಲ್ಟು?" ಎಂದು ಕೇಳಿದ.

"ಬಲಗಡೆ. ಮುಂದಿಂದು."

ಅವನ ಕೈಗಳು ಮೇಲೆದ್ದವು. ಗಾಳಿಯಲ್ಲಿ ಸ್ಟೀರಿಂಗ್ ಹಿಡಿದಂತೆ ಹಿಡಿದು, ಕಣ್ಣು ಮುಚ್ಚಿ, ಮೆಲ್ಲಗೆ ಬಲಕ್ಕೆ ತಿರುಗಿಸಿದ. ಅರ್ಧದಲ್ಲಿ ನಿಲ್ಲಿಸಿದ. ಮತ್ತೆ ಮೊದಲಿನಿಂದ ತಿರುಗಿಸಿದ. ಆ ತಿರುವನ್ನು ಅವನು ಎಷ್ಟು ಸಲ ಹಾಗೆ ತಿರುಗಿದ್ದಾನೋ. ಕಣ್ಣು ತೆರೆದಾಗ ಅವು ತುಂಬಿದ್ದವು.

"ಅಂಗಾರೆ ನಾನ್ ಬಿಟ್ಟಿದ್ ಜಾಗ ಸರಿಯಾಗೇ ಇತ್ತು," ಎಂದ. ನನಗಲ್ಲ, ಹೆಂಡತಿಗೆ. "ಸರಿಯಾಗೇ ಇತ್ತು ಕಣೇ."

ಆಮೇಲೆ ನನ್ನತ್ತ ತಿರುಗಿದ. ಬೈಯುತ್ತಾನೆಂದು ಕಾದೆ. ಅವನು ಬಾಗಿಲು ತೆರೆದು ಪಕ್ಕಕ್ಕೆ ನಿಂತ. "ಆವತ್ತು ಎಲ್ಲಾರ್ ಮುಂದೆ ಏಳಿದ್ರಿ. ಇದನ್ನೂ ಎಲ್ಲಾರ್ ಮುಂದೆ ಏಳಿ ಮೇಡಂ."

ಮೇಡಂ ಎಂದ. ಹೈಸ್ಕೂಲಿನ ದಿನಗಳಿಂದ ನನ್ನನ್ನು ಅಕ್ಕ ಎಂದಲ್ಲದೆ ಬೇರೆ ಕರೆದವನಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಕ್ಷಮೆ ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ, ಕೊಡಬೇಕಾದ ಕರ್ಮ ಅವನಿಗೂ ಇಲ್ಲ.

ಚಾಂಪಿಯನ್‌ಶಿಪ್ ನಡೆಸುವವರಿಗೆ ಶಶಿಯೂ ನಾನೂ ಸಹಿ ಹಾಕಿ ಎಲ್ಲವನ್ನೂ ತಿಳಿಸಿದ್ದೇವೆ. ಇಷ್ಟು ಹಳೆಯದನ್ನು ತಿದ್ದುತ್ತಾರೋ ಇಲ್ಲವೋ ಗೊತ್ತಿಲ್ಲ. ಅವರು ತಿದ್ದಲಿ, ಬಿಡಲಿ, ನಾನು ಹೇಳಬೇಕಾದದ್ದು ಅವರೊಬ್ಬರಿಗೇ ಅಲ್ಲ. ಅಂದು ಆ ಟ್ರ್ಯಾಕಿನ ಸುತ್ತ ನಿಂತು ಅವನನ್ನು ಗೂಳಿ ಎಂದು ಕೂಗಿದವರು ಇದನ್ನು ಓದಬಹುದು. ಅವನ ಬಸ್ಸಿನಲ್ಲಿ ಕೂತು ನಗುವ ಹುಡುಗರೂ ಓದಬಹುದು. ನಿಮ್ಮೆಲ್ಲರೆದುರು, ಕನ್ನಡದಲ್ಲಿ, ನನ್ನ ಹೆಸರಿಟ್ಟು ಹೇಳುತ್ತಿದ್ದೇನೆ: ಶಶಿಯ ಕಾರನ್ನು ಕೆಡವಿದ್ದು ನಾನು. ಆ ತಿರುವಿನಲ್ಲಿ ಲೋಕೇಶ ಬಿಟ್ಟಿದ್ದ ಜಾಗ ಸರಿಯಾಗಿತ್ತು.